ನಡುಗದ ಕೈ

ತಮ್ಮ ಸಿದ್ದೇಶನಿಗೆ ಮೊದಲು ಎಡ ಪಕ್ಕೆ ನೋವು ಬಂತು. ನಮ್ಮೂರು ಮತ್ತೋಡಿನ ಆಚೆ ಕುರಿ ಮೇಯಿಸುತ್ತಿದ್ದೆವು. ಕೋಲೂರಿ ಕುಳಿತುಬಿಟ್ಟ.

"ಅಣ್ಣ, ಒಂದು ಬರೆ ಹಾಕು. ತಡ್ಕಳಾಕೆ ಆಗ್ತಿಲ್ಲ."

ನಮ್ಮಲ್ಲಿ ಕುರಿಗೆ ಹೊಟ್ಟೆ ಉಬ್ಬಿದರೂ ಮನುಷ್ಯರಿಗೆ ಪಕ್ಕೆ ಹಿಡಿದರೂ ಕಬ್ಬಿಣ ಕಾಸಿ ಬರೆ ಹಾಕುತ್ತೇವೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೂ ಬರೆಗೆ ನನ್ನನ್ನೇ ಕರೆಯುತ್ತಿದ್ದರು, ಕೈ ನಡುಗುವುದಿಲ್ಲ ಎಂದು. ತಮ್ಮನಿಗೂ ಹಾಕಿದೆ. ನೋವು ಹೋಗಲಿಲ್ಲ. ಮತ್ತೆ ಹಾಕಿದೆ.

ಆಮೇಲೆ ಮೂತ್ರದಲ್ಲಿ ರಕ್ತ ಬಂತು.

ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಎಡ ಕಿಡ್ನಿಯಲ್ಲಿ ಗಡ್ಡೆ, ಕ್ಯಾನ್ಸರ್ ಇರಬಹುದು ಎಂದರು. ಬಲಗಡೆಯದು ಹುಟ್ಟಿನಿಂದಲೇ ಚಿಕ್ಕದಂತೆ. ಹಾಗಾಗಿ ಎಡದ್ದನ್ನು ಉಳಿಸಿಕೊಂಡು ಗಡ್ಡೆಯನ್ನಷ್ಟೇ ರೋಬೋಟ್‌ನಿಂದ ತೆಗೆಯಬೇಕು. ಆದರೆ ಬರೆಯ ಗಾಯ ಕೀವು ತುಂಬಿತ್ತು. ಅದು ಮಾಯುವ ತನಕ ಆಪರೇಷನ್ ಇಲ್ಲ.

"ಇದನ್ನ ಯಾರು ಹಾಕಿದ್ದು?" ಡಾಕ್ಟರಮ್ಮ ಕೇಳಿದರು.

"ಯಾರೋ ಹಾದಿಯಾಗೆ ಹೋಗೋರು ಮೇಡಂ," ಎಂದ ಸಿದ್ದೇಶ.

ನಾನು ಪಕ್ಕದಲ್ಲೇ ಇದ್ದೆ.

ಗಾಯ ಮಾಯುವುದನ್ನು ಕಾಯುತ್ತಾ ಒಳಗೆ ಗಡ್ಡೆ ಬೆಳೆಯುತ್ತಿದೆಯೇನೋ ಎಂದು ಬೇಯುತ್ತಿದ್ದೆ. ಆಪರೇಷನ್ ದಿನ ಹೆದರುತ್ತಲೇ ಕೇಳಿದೆ: "ಮಿಷನ್ನೇ ಕುಯ್ತೈತಾ ಮೇಡಂ?"

"ಇಲ್ಲಪ್ಪ. ನಾನೇ ಪರದೆ ನೋಡ್ತಾ ಬೆರಳು ಆಡಿಸ್ತೀನಿ. ಅದರ ಕೈ ಒಳಗೆ ಹಾಗೇ ಆಡುತ್ತೆ. ನನ್ನ ಕೈ ಸ್ವಲ್ಪ ನಡುಗಿದ್ರೂ ಅದು ನಡುಗಲ್ಲ."

ಹೊರಗೆ ಬೆಂಚಿನ ಮೇಲೆ ಕುಳಿತು ಇದನ್ನೇ ಯೋಚಿಸಿದೆ. ಅಷ್ಟು ಓದಿದವರು ತಮ್ಮ ಕೈಯೂ ನಡುಗಬಹುದು ಎಂದು ಒಪ್ಪಿಕೊಂಡು, ಅದಕ್ಕೊಂದು ಯಂತ್ರ ಮಾಡಿಕೊಂಡಿದ್ದಾರೆ. ಒಳಗಿನ ಒಂದೊಂದು ನರವನ್ನೂ ಪರದೆಯಲ್ಲಿ ದೊಡ್ಡದಾಗಿ ನೋಡಿಯೇ ಕತ್ತರಿ ಇಡುತ್ತಾರೆ. ಒಳಗೆ ಏನಿದೆ ಎಂದು ಯೋಚಿಸದೆ ಸುಟ್ಟವನು ನಾನು.

ಗಡ್ಡೆ ತೆಗೆದರು, ಕಿಡ್ನಿ ಉಳಿಯಿತು.

"ಬರೆ ಹಾಕಿದ್ದು ನಾನೇ ಮೇಡಂ," ಎಂದು ಡಾಕ್ಟರಮ್ಮ ವಾರ್ಡಿಗೆ ಬಂದಾಗ ಹೇಳಿದೆ. ಅವರು ಬೈಯಲಿಲ್ಲ. "ಇನ್ಯಾರಿಗೂ ಹಾಕಬೇಡಿ," ಎಂದಷ್ಟೇ ಹೇಳಿ ಮುಂದಿನ ಬೆಡ್ಡಿಗೆ ಹೋದರು.

ಮುಂದಿನ ಸ್ಕ್ಯಾನ್ ಏನು ಹೇಳುತ್ತದೋ ಗೊತ್ತಿಲ್ಲ. ತಮ್ಮ ಈಗ ಮನೆಯಲ್ಲಿದ್ದಾನೆ, ಮುದ್ದೆ ಉಣ್ಣುತ್ತಾನೆ. ರೋಬೋಟಿನ ಗಾಯಗಳು ಉಗುರಿನಷ್ಟು. ನನ್ನ ಬರೆಗಳು ಗೇಣುದ್ದ ಉಳಿದಿವೆ. ನಿನ್ನೆ ಡ್ರೆಸ್ಸಿಂಗ್ ಬಿಚ್ಚುವಾಗ ನನ್ನ ಬೆರಳು ನಡುಗಿದವು. ಸಿದ್ದೇಶ ನೋಡಿದ.

"ನಡುಗಲಿ ಬಿಡಣ್ಣ," ಎಂದ. "ಅವತ್ತೇ ನಡುಗಿದ್ರೆ ಚೆನ್ನಾಗಿರ್ತಿತ್ತು."