ಇಳಿಜಾರಿನಲ್ಲಿ ದಾರಿ ಬಿಟ್ಟವನು

ಅಣ್ಣ ಕಾಫಿ ಲೋಟ ಹಿಡಿದರೆ ಕಾಫಿಯ ಮೇಲೆ ಸಣ್ಣ ಅಲೆ ಏಳುತ್ತಿತ್ತು. ಕಾಯಿಲೆಯೇನಲ್ಲ. ಬೆಳಗಿನಿಂದ ಸಂಜೆಯವರೆಗೆ ಟಿಲ್ಲರಿನ ಹಿಡಿ ಹಿಡಿದ ಕೈ, ಎಂಜಿನ್ ನಿಲ್ಲಿಸಿದ ಮೇಲೂ ಅದುರುತ್ತಲೇ ಇರುತ್ತಿತ್ತು. "ಗಾಡಿ ನಿಂತೈತೆ, ಕೈಗಿನ್ನೂ ಸುದ್ದಿ ಮುಟ್ಟಿಲ್ಲ" ಅಂತ ತಾನೇ ನಗುತ್ತಿದ್ದ.

ಗದ್ದೆ ಉಳುವ ಆ ಎರಡು ಚಕ್ರದ ಟಿಲ್ಲರಿಗೆ ಟ್ರೈಲರ್ ಕಟ್ಟಿಕೊಂಡು ಹಳ್ಳಿಮೈಸೂರಿನ ಕಡೆಯಿಂದ ಹೊಳೆನರಸೀಪುರಕ್ಕೆ ಭತ್ತ, ತೆಂಗಿನಕಾಯಿ, ಬೂಸಾ ಮೂಟೆ ಸಾಗಿಸುವುದು ಅವನ ಬಾಡಿಗೆ ಕೆಲಸ. ಸೈಕಲ್ಲಿನವರೂ ಅವನನ್ನು ದಾಟಿ ಹೋಗುತ್ತಿದ್ದರು. ಅವನಿಗೆ ಅದರ ಬೇಸರವಿರಲಿಲ್ಲ. ತನ್ನಿಂದ ಯಾರಿಗೂ ತಡವಾಗಬಾರದು, ಅಷ್ಟೇ. "ನಿಧಾನಕ್ಕೋಗೋನ್ಗೆ ಬೆನ್ನಲ್ಲಿ ಕಣ್ಣಿರ್ಬೇಕು ಕಣ್ಲಾ" ಅನ್ನುತ್ತಿದ್ದ. ಹಿಂದೆ ನಾಲ್ಕು ಗಾಡಿ ಸೇರಿದವೆಂದರೆ ರಸ್ತೆಯಂಚಿನ ಮಣ್ಣಿಗಿಳಿದು, ಎಲ್ಲರೂ ಹೋಗುವ ತನಕ ಕೈ ಬೀಸುತ್ತಿದ್ದ. ಒಮ್ಮೆ ಕಾರಿನವನೊಬ್ಬ, "ಇದ್ಕಿಂತ ಎತ್ತಿನ್ ಗಾಡಿ ವಾಸಿ ಕಣಯ್ಯ" ಅಂತ ಕೂಗಿ ಹೋದ. "ಊಂ ಸಾ, ಎತ್ತಾಗಿದ್ರೆ ಸಗಣಿನಾದ್ರೂ ಸಿಗ್ತಿತ್ತು" ಅಂದ ಅಣ್ಣ.

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಗಾಡಿ ಕಲಿಸಿದವನು ಅವನೇ, ಆ ಟಿಲ್ಲರಿನಲ್ಲೇ. ಅದಕ್ಕೆ ಸ್ಟೇರಿಂಗ್ ಇಲ್ಲ. ಎರಡು ಹಿಡಿಗಳ ಕೆಳಗೆ ಒಂದೊಂದು ಕ್ಲಚ್ಚು. ಸಮ ನೆಲದಲ್ಲಿ ಎಡಗಡೆಯದನ್ನು ಒತ್ತಿದರೆ ಎಡಕ್ಕೆ ತಿರುಗುತ್ತದೆ. ಲೋಡು ಹೊತ್ತು ಇಳಿಜಾರಿಗೆ ಬಿದ್ದಾಗ ಟ್ರೈಲರು ಹಿಂದಿನಿಂದ ನೂಕುತ್ತದಲ್ಲ, ಆಗ ಎಡಗಡೆಯದನ್ನು ಒತ್ತಿದರೆ ಬಲಕ್ಕೆ ತಿರುಗುತ್ತದೆ. "ಇಳಿಜಾರಲ್ಲಿ ಇದು ನಿನ್ನಂಗೇ ಕಣ್ಲಾ, ಯೋಳಿದ್ದಕ್ಕೆ ಉಲ್ಟಾ ಮಾಡ್ತದೆ" ಅಂತ ತಲೆಗೆ ಮೊಟಕಿದ್ದ. ಅದಕ್ಕೇ ಇಳಿಜಾರಿನಲ್ಲಿ ಮಾತ್ರ ಅವನು ಯಾರಿಗೂ ದಾರಿ ಬಿಡುತ್ತಿರಲಿಲ್ಲ. ಲಾರಿ ಅರಚಿಕೊಂಡರೂ ಜೀಪು ಅರಚಿಕೊಂಡರೂ ಒಂದು ಕೈ ಎತ್ತಿ ತಡೆಯುವನು. ಇಳಿದ ಮೇಲೇ ಪಕ್ಕಕ್ಕೆ.

ನಾನು ಬೆಳೆದು ಅದೇ ರಸ್ತೆಯಲ್ಲಿ ಪ್ರೈವೇಟ್ ಬಸ್ಸಿನ ಡ್ರೈವರಾದೆ. ನನ್ನ ಹಾರ್ನು ಒಂದು ಉದ್ದ, ಎರಡು ಗಿಡ್ಡ. ಅದು ಕಿವಿಗೆ ಬಿದ್ದರೆ ಸಾಕು, ಅಣ್ಣ ಪಕ್ಕಕ್ಕೆ ಸರಿದು, ಹೊಲದಲ್ಲಿದ್ದವರಿಗೆಲ್ಲ "ನಮ್ ತಮ್ಮನ್ ಬಸ್ಸು" ಅಂತ ಕೂಗಿ ಹೇಳುತ್ತಿದ್ದ. ನಾನು ತಿರುಗಿ ನೋಡುತ್ತಿರಲಿಲ್ಲ. ಒಂದು ದಿನ ಕಂಡಕ್ಟರು, "ಈ ಟಿಲ್ಲರ್‌ನೋರ್ನ ರಸ್ತೆಗೆ ಬುಟ್ಟೋರ್ಯಾರು?" ಅಂದಾಗ ಎಲ್ಲರ ಜೊತೆ ನಾನೂ ನಕ್ಕೆ. ಅವನು ನನ್ನಣ್ಣ ಅಂತ ಹೇಳಲಿಲ್ಲ.

ಅವತ್ತು ನಾಲೆ ಸೇತುವೆ ದಾಟಿದ ಇಳಿಜಾರಿನಲ್ಲಿ ಅಣ್ಣ ಮುಂದಿದ್ದ. ಟ್ರೈಲರಿನ ತುಂಬ ಭತ್ತದ ಮೂಟೆ. ನನಗೆ ತಡವಾಗಿತ್ತು. ಹಿಂದಿನ ಬಸ್ಸು ಹತ್ತಿರ ಬಂದುಬಿಟ್ಟರೆ ಮುಂದಿನ ಸ್ಟಾಪಿನ ಜನವೆಲ್ಲ ಅದರ ಪಾಲು, ಓನರ್ ಬಾಯಿಗೆ ನಾನು. ಮುಂದಿನ ಸೀಟಿನಿಂದ ಯಾರೋ, "ಏನ್ ಡ್ರೈವರ್ರೇ, ಟಿಲ್ಲರ್ ಇಂದೆ ಮೆರವಣಿಗೆನಾ?" ಅಂದರು. ಎಲ್ಲರೂ ನಕ್ಕರು.

ಹಾರ್ನ್ ಮಾಡಿದೆ. ಒಂದು ಉದ್ದ, ಎರಡು ಗಿಡ್ಡ. ಅಣ್ಣ ಕೈ ಎತ್ತಿ, ತಡಿ ಅಂದ. ಇಳಿಜಾರು ಮುಗಿಯಲು ಇನ್ನೇನು ಸ್ವಲ್ಪವೇ ಇತ್ತು. ಇಳಿಜಾರಿನಲ್ಲಿ ಆ ಗಾಡಿ ಪಕ್ಕಕ್ಕೆ ಹೋಗಬಾರದೆಂದು ಆ ಬಸ್ಸಿನಲ್ಲಿ ಬೇರೆ ಯಾರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿತ್ತು. ಆದರೂ ಬಲಕ್ಕೆ ತೆಗೆದುಕೊಂಡು ಮತ್ತೆ ಹಾರ್ನ್ ಒತ್ತಿದೆ. ಒತ್ತುತ್ತಲೇ ಇದ್ದೆ.

ಅಣ್ಣ ದಾರಿ ಬಿಡಲು ಹೊರಟ. ಗಾಬರಿಯಲ್ಲಿ ಸಮ ನೆಲವೆಂಬಂತೆ ಎಡಗಡೆಯದನ್ನು ಒತ್ತಿರಬೇಕು. ಟಿಲ್ಲರು ಬಲಕ್ಕೆ, ನನ್ನ ಚಕ್ರದ ಕಡೆಗೇ ನುಗ್ಗಿತು. ಅವನು ಹಿಡಿಯನ್ನು ಮೈಯೆಲ್ಲ ಹಾಕಿ ಎಡಕ್ಕೆಳೆದ. ನಾನು ದಾಟಿ ಬಂದೆ. ಕನ್ನಡಿಯಲ್ಲಿ ನೋಡಿದರೆ ಟ್ರೈಲರು ಚರಂಡಿಗೆ ಮಗುಚಿತ್ತು, ಮೂಟೆಗಳು ಉರುಳುತ್ತಿದ್ದವು.

ಬ್ರೇಕಿನ ಮೇಲೆ ಕಾಲಿಟ್ಟೆ. "ಎದ್ದವ್ನೆ, ಎದ್ದವ್ನೆ, ಓಗಣ್ಣ" ಅಂದ ಕಂಡಕ್ಟರು. ಎದ್ದಿರಲಿಲ್ಲ, ನನಗೆ ಕಾಣುತ್ತಿತ್ತು. ಕಾಲು ತೆಗೆದೆ.

ಹೊಲದವರು ಎತ್ತಿ ಹಾಸನದ ಆಸ್ಪತ್ರೆಗೆ ಸೇರಿಸಿದ್ದರು. ಎಂಜಿನ್ನಿಗೂ ಟ್ರೈಲರಿಗೂ ನಡುವೆ ಸಿಕ್ಕಿ ಮೊಣಕಾಲು ಜಜ್ಜಿಹೋಗಿತ್ತು. ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಬಸ್ಸಿನ ಹೆಸರು ಹೇಳಿದರು. ಪೊಲೀಸರು ಕೇಳಲು ಬಂದಾಗ ನಾನು ಎಳನೀರು ಹಿಡಿದುಕೊಂಡು ಮಂಚದ ಪಕ್ಕದಲ್ಲೇ ನಿಂತಿದ್ದೆ. "ನಂದೇ ತಪ್ಪು ಸಾ. ಎಡಗಡೇದು ಒತ್ಬುಟ್ಟೆ. ಇಂದೆ ಯಾವ್ ಗಾಡಿ ಇತ್ತೋ ನೋಡ್ಲಿಲ್ಲ" ಅಂದ ಅಣ್ಣ.

"ನಿಧಾನ ಹೋಗೋ ಗಾಡಿ ಎಡಗಡೆ ಅಂಚಲ್ಲಿರ್ಬೇಕು, ಹಿಂದಿನೋರಿಗೆ ಸೈಡ್ ಕೊಡ್ಬೇಕು. ಅಷ್ಟೂ ಗೊತ್ತಿಲ್ವೇನಯ್ಯ?" ಅಂತ ಅವರು ಗದರಿದರು. ಜೀವಮಾನವೆಲ್ಲ ಅದೊಂದನ್ನೇ ಮಾಡಿದವನು "ಊಂ ಸಾ, ಊಂ ಸಾ" ಅಂದ. ಮುಂದಿನವನು ಜಾಗ ಬಿಡುವ ತನಕ ಹಿಂದಿನವನು ನುಗ್ಗಬಾರದೆನ್ನುವುದೂ ಕಾನೂನೇ. ಲೈಸೆನ್ಸಿಗೆ ಹೋದಾಗ ಕೇಳಿದ್ದರು, ಸರಿಯಾಗಿ ಉತ್ತರ ಹೇಳಿದ್ದೆ. ಅಲ್ಲಿ ಮಾತ್ರ ಬಾಯಿ ಬಿಡಲಿಲ್ಲ.

ಆಮೇಲೆ ಅವನ ಕಾಲು ಮಡಿಸಲಾಗಲಿಲ್ಲ. ಟಿಲ್ಲರು ಮಾರಿದರು. ರಜದ ದಿನ ಬಾಳೆಹಣ್ಣು ಹಿಡಿದುಕೊಂಡು ಹೋದರೆ ಜಗಲಿಯ ಮೇಲೆ ಜಾಗ ಮಾಡಿಕೊಟ್ಟು, "ಟೈಮಿಂಗ್ ಸರ್ಯಾಗಿ ಇಡೀತಿದ್ದೀಯೇನ್ಲಾ?" ಅಂತ ಕೇಳುವನು. ಊಂ ಅನ್ನುತ್ತಿದ್ದೆ. ಅವನು ಮತ್ತೇನೂ ಕೇಳದೆ ನನ್ನ ಮುಖವನ್ನೇ ಒಂದು ಗಳಿಗೆ ನೋಡುತ್ತಿದ್ದ. ನಾನು ಹೊತ್ತಾಯಿತೆಂದು ಎದ್ದುಬಿಡುತ್ತಿದ್ದೆ.

ಹೋದ ಮಳೆಗಾಲದಲ್ಲಿ ಜ್ವರ ಬಂದು ಅಣ್ಣ ತೀರಿಕೊಂಡ. ತಿಥಿಯೆಲ್ಲ ಮುಗಿದು ನೆಂಟರು ಹೋದ ಮೇಲೆ, ಅಕ್ಕಿ ಆರಿಸುತ್ತ ಕೂತಿದ್ದ ಅತ್ತಿಗೆಯ ಮುಂದೆ ಕೂತು ಹೇಳಿದೆ. "ಅತ್ಗೆ, ಅವತ್ತು ಇಂದೆ ಇದ್ದುದ್ದು ನನ್ ಬಸ್ಸು."

ಅತ್ತಿಗೆ ಮೊರದಿಂದ ತಲೆಯೆತ್ತಲಿಲ್ಲ.

"ಗೊತ್ತಿತ್ತು ಕಣಪ್ಪ. ಇಳಿಜಾರಲ್ಲಿ ನಿಮ್ಮಣ್ಣ ಇನ್ಯಾರ್ಗೆ ದಾರಿ ಬುಡೋರು?"

ಸ್ವಲ್ಪ ಹೊತ್ತು ಕಲ್ಲು ಆರಿಸಿದರು. ಆಮೇಲೆ, "ನೀನು ಬಂದ್ ಓದಾಗೆಲ್ಲ, 'ಇವತ್ತೂ ಯೋಳ್ಲಿಲ್ಲ ನೋಡು' ಅನ್ನೋರು" ಅಂದರು.