ಸಾಹೇಬರಿಗೆ ಮೊದಲ ಪಾಸು

ಕಳೆದ ಭಾನುವಾರ, ಬೆಳಿಗ್ಗೆ ಏಳು ಗಂಟೆ. ಹಾಜರಿದ್ದವರು: ನಾನು, ನನ್ನ ಹೆಂಡತಿ, ಮತ್ತು ಟಿವಿಯೊಳಗೆ ಕೋಟು ತೊಟ್ಟ ಮೂವರು ಪರದೇಶಿ ಪಂಡಿತರು.

ಮೂವರೂ ಜಗಳಕ್ಕೆ ಬಿದ್ದಿದ್ದರು. ವಿಷಯ ಇಷ್ಟೇ. ಅಮೆರಿಕದ ಯಾವುದೋ ಬಾಸ್ಕೆಟ್‌ಬಾಲ್ ತಂಡಕ್ಕೆ ಈ ಸಲ ಒಬ್ಬ ಹೊಸ ಹುಡುಗ ಬಂದಿದ್ದಾನೆ. ವಿಂಗ್‌ನಲ್ಲಿ ಆಡುವವನು. ಅವನನ್ನು ಪಾಯಿಂಟ್ ಗಾರ್ಡ್ ಮಾಡಬಹುದೋ, ಬಾರದೋ? ಒಬ್ಬ ಖಂಡಿತ ಆಗುತ್ತದೆ ಅಂದ. ಇನ್ನೊಬ್ಬ ಸಾಧ್ಯವೇ ಇಲ್ಲ ಅಂದ. ಮೂರನೆಯವನು ಬಣ್ಣಬಣ್ಣದ ನಕ್ಷೆ ಬಿಡಿಸತೊಡಗಿದ.

ಇಷ್ಟಕ್ಕೆ ಮೂರು ಜನ ಬೇಕಾ ಅಂತ ಕೇಳಿ ನನ್ನ ಹೆಂಡತಿ ಒಳಗೆ ಹೋದಳು. ನನಗೆ ನಗು ಬಂತು. ಈ ಪ್ರಶ್ನೆಯನ್ನು ನಾವು ಎಂಬತ್ತರ ದಶಕದಲ್ಲೇ, ಗುಡಗೇರಿ ರೈಲು ನಿಲ್ದಾಣದ ಗೂಡ್ಸ್ ಶೆಡ್ಡಿನ ಹಿಂದೆ ಎದುರಿಸಿದ್ದೆವು. ಕೋಟು, ನಕ್ಷೆ ಏನೂ ಇಲ್ಲದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಬಾಸ್ಕೆಟ್‌ಬಾಲ್‌ನಲ್ಲಿ ಒಂದು ಕಡೆಗೆ ಐದು ಜನ. ಚೆಂಡನ್ನು ಪುಟಿಸುತ್ತ ಮುಂದೆ ತಂದು, ಯಾರಿಗೆ ಕೊಡಬೇಕು ಅಂತ ತೀರ್ಮಾನಿಸುವವನು ಪಾಯಿಂಟ್ ಗಾರ್ಡ್. ಅಂಚಿನಲ್ಲಿ ಓಡುತ್ತಿದ್ದು, ಕೊಟ್ಟರೆ ಬುಟ್ಟಿಗೆ ಹಾಕುವವನು ವಿಂಗ್. ಒಬ್ಬ ಹಂಚುವವನು, ಒಬ್ಬ ಕಾಯುವವನು. ಮನೆಯಲ್ಲೂ ಹೀಗೇ ತಾನೆ?

ಆಗ ನಾನು ಆ ಭಾಗದ ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಸ್ತರ. ಸಂಜೆ ನೌಕರರ ತಂಡಕ್ಕೆ ನಾನೇ ಕೋಚ್, ನಾನೇ ಮ್ಯಾನೇಜರ್, ನಾನೇ ಚೆಂಡಿಗೆ ಗಾಳಿ ಹಾಕುವವನು. ಐದೂವರೆಗೆ ಸೀಟಿ. ತಡವಾಗಿ ಬಂದವನಿಗೆ ಮೈದಾನದ ಸುತ್ತ ಓಟ. (ಸಾಹೇಬರು ತಡವಾಗಿ ಬಂದ ದಿನ ನನ್ನ ವಾಚು ಮುಂದೆ ಓಡಿದೆ ಅಂತ ಎಲ್ಲರೂ ಒಪ್ಪಿಕೊಳ್ಳುವುದು ವಾಡಿಕೆ.)

ನಮ್ಮದು ಎರಿ ಭೂಮಿ, ಕಪ್ಪು ಮಣ್ಣು. ಮಳೆ ಬಂದರೆ ಕಾಲು ಹಿಡಿಯುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ. ಅದರ ಮೇಲೆ ಗರಸು ಮಣ್ಣು ಹಾಸಿ, ನೀರು ಹೊಡೆದು, ಉರುಳುಗಲ್ಲು ಎಳೆದು ಕೋರ್ಟ್ ಮಾಡಿಕೊಂಡಿದ್ದೆವು. ಬಾಜೂಕ ಶೆಂಗಾ ಚೀಲ, ಮೆಣಸಿನಕಾಯಿ ಚೀಲ. ಗಾಳಿ ತಿರುಗಿದರೆ ಎರಡೂ ತಂಡ ಒಟ್ಟಿಗೇ ಸೀನುತ್ತಿತ್ತು. ಈಗಲೂ ಎಲ್ಲಾದರೂ ಒಣಮೆಣಸಿನ ಘಾಟು ಬಂದರೆ ನನ್ನ ಕೈ ಕೊರಳಲ್ಲಿ ಸೀಟಿ ಹುಡುಕುತ್ತದೆ.

ತಂಡದಲ್ಲಿ ಯಾರ್‍ಯಾರು? ಸೆಂಟರ್ ಜಾಗಕ್ಕೆ ಸಾಹೇಬರು. ಒಂದು ಸರ್ಕಾರಿ ಕಚೇರಿಯ ಮುಖ್ಯಸ್ಥರು. ಯಾವ ಕಚೇರಿ ಅನ್ನುವುದು ಬೇಡ. ಎತ್ತರದ ಆಳು, ದಪ್ಪ ಮೀಸೆ, ಐವತ್ತರ ಹತ್ತಿರದ ವಯಸ್ಸು. ಬುಟ್ಟಿಯ ಕೆಳಗೆ ನಿಂತು ಬಲಗೈ ಎತ್ತಿದರು ಅಂದರೆ ಚೆಂಡು ಬರಬೇಕು. ಬಂದ ಚೆಂಡು ಬುಟ್ಟಿಗೆ ಹೋಗುತ್ತಿತ್ತೇ? ಕೆಲವೊಮ್ಮೆ. ಹಿರಿತನದಲ್ಲಿ ಅವರ ನಂತರ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರರು, ಆಮೇಲೆ ಪೋಸ್ಟಮನ್ ನಿಂಗಪ್ಪ. ದನದ ದವಾಖಾನೆಯ ಕಾಂಪೌಂಡರ್ ಹುಸೇನ್ ನಿಂಗಪ್ಪನಿಗಿಂತ ಚಿಕ್ಕವನು. ಗುರಿ ಮಾತ್ರ ಅವನದೇ ಗುರಿ.

ಚೆಂಡು ತರುವವನು ಬುಕಿಂಗ್ ಕ್ಲರ್ಕ್ ಶ್ರೀಪಾದ. ಕುಂದಗೋಳದಲ್ಲಿ ನೌಕರರ ಆಟೋಟ ಇನ್ನೇನು ಬಂತು ಅನ್ನುವಾಗ ಅವನಿಗೆ ವರ್ಗವಾಯಿತು. ಹಾಸಿಗೆ ಸುತ್ತಿಕೊಂಡು ರೈಲು ಹತ್ತಿಯೇ ಬಿಟ್ಟ.

ಉಳಿದವನು ಈರಣ್ಣ. ಮಿಶ್ರಿಕೋಟಿಯವನು. ತಂಡಕ್ಕೆ ಹೊಸಬ, ವಿಂಗ್‌ನವನು. ಸಾಹೇಬರ ಆಫೀಸಿಗೇ ಹೊಸದಾಗಿ ಬಂದಿದ್ದ ಕ್ಲರ್ಕ್, ಇನ್ನೂ ಪ್ರೊಬೇಷನ್ ಮೇಲಿದ್ದ. ಅವನ ಕೆಲಸ ತೃಪ್ತಿಕರ ಅಂತ ಸಾಹೇಬರು ಬರೆದು ಮೇಲಕ್ಕೆ ಕಳಿಸಿದರೆ ನೌಕರಿ ಪಕ್ಕಾ. ಇಲ್ಲವಾದರೆ ಊರಿಗೆ ಹೋಗಿ ಮತ್ತೆ ಕುರಿ. ಅವರ ಮನೆತನದಲ್ಲಿ ಕುರಿ ಬಿಟ್ಟು ಕುರ್ಚಿ ಹಿಡಿದ ಮೊದಲನೆಯವನು ಅವನೇ.

ಕಾಲು ಚುರುಕು, ಕೈ ಇನ್ನೂ ಚುರುಕು. ಚೆಂಡು ಪುಟಿಸುತ್ತ ಓಡಿದರೆ ನೆಲದ ಬಿರುಕು ಅವನಿಗಷ್ಟೇ ಕಾಣುತ್ತದೇನೋ ಅನ್ನುವ ಹಾಗೆ ತಪ್ಪಿಸುತ್ತಿದ್ದ. ಪಾಯಿಂಟ್ ಗಾರ್ಡ್ ಆಗ್ತೀಯೇನು ಅಂದೆ. ಸಾಹೇಬರನ್ನು ಕೇಳಬೇಕ್ರಿ ಅಂದ. ನನಗೆ ಆಗಲೇ ತಿಳಿಯಬೇಕಿತ್ತು!

ಆ ಶನಿವಾರ ಮಧ್ಯಾಹ್ನ ಮೂರಕ್ಕೆ ಕುಂದಗೋಳದಲ್ಲಿ ಫೈನಲ್. ಬಂದದ್ದೇ ಎರಡು ತಂಡ, ಹಾಗಾಗಿ ಮೊದಲ ಆಟವೇ ಫೈನಲ್. ಆಚೆ ಕಡೆ ಕುಂದಗೋಳದವರದೇ ತಂಡ. ಸುತ್ತ ಅವರದೇ ಜನ. ಕಟ್ಟೆಯ ಮೇಲೆ, ಗಿಡದ ಮೇಲೆ, ಸೈಕಲ್ ಕ್ಯಾರಿಯರ್ ಮೇಲೆ.

ಈರಣ್ಣ ಚೆಂಡು ತಂದ. ಯಾರೂ ಕಸಿಯಲಾಗಲಿಲ್ಲ. ಸಾಹೇಬರಿಗೆ ಕೊಟ್ಟ. ಸಾಹೇಬರು ಹಾಕಿದರು. ಶಾಭಾಸ್. ಎರಡನೇ ಸಲ ತಂದ, ಹೆಡ್‌ಮಾಸ್ತರಿಗೆ ಕೊಟ್ಟ. ಮೂರನೇ ಸಲ ನಿಂಗಪ್ಪನಿಗೆ. ನಾಲ್ಕನೇ ಸಲ ಹುಸೇನ್‌ಗೆ. ಐದನೇ ಸಲ ಮತ್ತೆ ಸಾಹೇಬರು.

ನನಗೆ ಗೊತ್ತಾಗಲಿಲ್ಲ. ಕುಂದಗೋಳದ ಜನಕ್ಕೆ ಗೊತ್ತಾಯಿತು. ಸಂಗೀತ ಕೇಳಿ ಬೆಳೆದ ಊರು ನೋಡಿ, ತಾಳ ಹಿಡಿಯುವುದನ್ನು ಅವರಿಗೆ ಯಾರೂ ಕಲಿಸಬೇಕಿಲ್ಲ. ಮೂರನೇ ಆವರ್ತನಕ್ಕೇ ಲೆಕ್ಕ ಸಿಕ್ಕಿಬಿಟ್ಟಿತು. ತಾಳದ ಮೊದಲ ಪೆಟ್ಟು, ಸಮ್, ಸಾಹೇಬರ ಮೇಲೆ ಬೀಳುತ್ತಿತ್ತು.

ಕಟ್ಟೆಯ ಮೇಲಿಂದ ಒಬ್ಬ ಹಿರಿಯ ಶುರು ಮಾಡಿದ. "ಲೇ, ಇಂವ ಪಂಕ್ತಿಗೆ ಬಡಸಾಕತ್ತಾನ ನೋಡ್ರಲೇ. ಸಾಹೇಬ್ರದ ಆತು, ಈಗ ಹೆಡ್‌ಮಾಸ್ತರದ್ದು."

ಚೆಂಡು ಹೆಡ್‌ಮಾಸ್ತರಿಗೇ ಹೋಯಿತು. ಗಿಡದ ಮೇಲಿದ್ದವರು ಬಿದ್ದು ಬಿದ್ದು ನಕ್ಕರು.

ಅಲ್ಲಿಂದ ಮುಂದೆ ಪ್ರತಿ ಪಾಸಿಗೂ ಮೊದಲೇ ಊರೇ ಹೆಸರು ಕೂಗುತ್ತಿತ್ತು. ನಿಂಗಪ್ಪನ ಪಾಳಿ ಬಂದಾಗ ಅವನ ತಾಟಿಗೆ ಇನ್ನೊಂದು ಹೋಳಿಗೆ ಹಾಕಲು ಹೇಳಿದವನೂ ಇದ್ದ. ಎದುರಾಳಿಗಳಿಗೆ ಇನ್ನೇನು ಬೇಕು? ಯಾರ ಪಾಳಿಯೋ ಅವರ ಮೇಲೆ ಇಬ್ಬರು ಬೀಳುತ್ತಿದ್ದರು. ಉಳಿದವರನ್ನು ಕೇಳುವವರೇ ಇಲ್ಲ. ನಾವು ಹಿಂದೆ ಬೀಳುತ್ತ ಹೋದೆವು.

ಅರ್ಧ ಆಟ ಮುಗಿದಾಗ ಈರಣ್ಣನನ್ನು ಬದಿಗೆ ಕರೆದೆ. ಇದೇನಪ್ಪಾ ಅಂದೆ. ಅವನಿಗೆ ನಿಜವಾಗಿ ಆಶ್ಚರ್ಯ. ಅವರದು ದೊಡ್ಡ ಕೂಡು ಮನೆಯಂತೆ. ಹಬ್ಬದ ಊಟಕ್ಕೆ ಕುಳಿತರೆ ಬಡಿಸುವ ಕೆಲಸ ಕಿರಿಯನಾದ ಅವನದು. ಮುತ್ಯಾ, ದೊಡ್ಡಪ್ಪ, ಅಪ್ಪ, ಕಾಕಾ. ಸಾಲು ತಪ್ಪಿಸಿದರೆ ಎದ್ದು ಹೋಗುವವರೂ ಇದ್ದರಂತೆ. ಹಂಚುವ ಕೆಲಸ ಅಂತ ನಾನೇ ಹೇಳಿದ್ದೆ. ಹಂಚುವುದು ಹೇಗೆಂದು ಅವನಿಗೆ ಗೊತ್ತಿದ್ದದ್ದು ಅದೊಂದೇ ರೀತಿ.

ತಪ್ಪು ಅವನದೊಬ್ಬನದೇ? ಮದುವೆಯ ಅಕ್ಷತೆಯಿಂದ ಹಿಡಿದು ಆಫೀಸಿನ ಚಹಾದವರೆಗೆ ನಾವೆಲ್ಲ ಕಲಿತದ್ದು ಅದೇ ಅಲ್ಲವೇ? ಊಟಕ್ಕೆ ಅದು ಚಂದ. ಯಾರೂ ಉಪವಾಸ ಏಳುವುದಿಲ್ಲ. ಆದರೆ ಆಟದಲ್ಲಿ ಚೆಂಡು ಹಸಿದವನಿಗಲ್ಲ, ಯಾರೂ ಅಡ್ಡ ಇಲ್ಲದೆ ಖಾಲಿ ನಿಂತವನಿಗೆ ಹೋಗಬೇಕು. ಯಾರು ಖಾಲಿ ಇದ್ದಾರೋ ಅವರಿಗೆ ಕೊಡು, ಸಾಹೇಬರ ಮೇಲೆ ಇಬ್ಬರು ಬಿದ್ದಿದ್ದರೆ ಕೊಡಲೇಬೇಡ ಅಂದೆ.

ಅವನು ಟವೆಲಿನಿಂದ ಮುಖ ಒರೆಸಿಕೊಂಡ. ದನಿ ತಗ್ಗಿಸಿದ.

"ನೀವು ಹೇಳೂದು ಖರೇ ಅದ ಸರ್. ಆದರ ಸೋಮವಾರ ಹತ್ತಕ್ಕ ನಾ ಅವರ ಟೇಬಲ್ ಮುಂದ ನಿಂದರಬೇಕಲ್ರಿ."

ನಾನು ಸೀಟಿ ಊದುವವನು. ಅವನ ನೌಕರಿ ಪಕ್ಕಾ ಮಾಡುವವನಲ್ಲ. ನೀರು ಕುಡಿ ಅಂದೆ.

ಎರಡನೇ ಅರ್ಧವೂ ಅದೇ ಪಂಕ್ತಿ, ಅದೇ ನಗು. ಉಪಾಯ ಹೊಳೆದದ್ದು ನನಗಲ್ಲ, ಹೆಡ್‌ಮಾಸ್ತರರ ಪುಪ್ಪುಸಕ್ಕೆ. ಪಾಪ, ಅವರ ಉಸಿರು ಮೇಲಕ್ಕೆ ಹತ್ತಿ ಕುಳಿತಿತ್ತು. ಮೊಣಕಾಲ ಮೇಲೆ ಕೈಯೂರಿ ನಿಂತು ಈರಣ್ಣನಿಗೆ ಹೇಳಿದರು. "ತಮ್ಮಾ, ನನ್ನ ಪಾಳಿ ಹುಸೇನಗ ಕೊಟ್ಟಬಿಡೋ."

(ನೋಡಿ, ಅವರೂ ಅದನ್ನು ಪಾಳಿ ಅಂತಲೇ ತಿಳಿದಿದ್ದರು!)

ಹಿರಿಯರ ಅಪ್ಪಣೆ ಆಯಿತಲ್ಲ. ಊರೆಲ್ಲ ಹೆಡ್‌ಮಾಸ್ತರ ಅಂತ ಕೂಗಿತು. ಇಬ್ಬರು ಹೆಡ್‌ಮಾಸ್ತರರ ಮೇಲೆ ಬಿದ್ದರು. ಚೆಂಡು ಮೂಲೆಯಲ್ಲಿದ್ದ ಹುಸೇನನ ಕೈಗೆ ಹೋಗಿತ್ತು. ಹುಸೇನ್ ಎಮ್ಮೆಗೆ ಇಂಜೆಕ್ಷನ್ ಕೊಡುವಷ್ಟೇ ಸಮಾಧಾನದಿಂದ ಬುಟ್ಟಿಗೆ ಹಾಕಿದ.

ಕಟ್ಟೆಯ ಮೇಲಿನ ಹಿರಿಯನ ತಾಳ ತಪ್ಪಿತು. ಈರಣ್ಣನ ಮುಖದಲ್ಲಿ ಆ ದಿನ ಮೊದಲ ಸಲ ನಗು ಕಂಡೆ.

ಆಮೇಲೆ ಅವನು ತಲೆ ಎತ್ತಿ ಆಡತೊಡಗಿದ. ನಿಂಗಪ್ಪನ ಪಾಳಿ ಹುಸೇನ್‌ಗೆ. ಹುಸೇನನ ಪಾಳಿ ನಿಂಗಪ್ಪನಿಗೆ. ಒಂದು ಸಲ ಯಾರಿಗೂ ಕೊಡದೆ ತಾನೇ ನುಗ್ಗಿ ಹಾಕಿದ. ಎಷ್ಟೋ ಸಂಜೆ ಅಂಚಿನಲ್ಲಿ ಖಾಲಿ ನಿಂತು, ಬರದ ಚೆಂಡಿಗೆ ಕಾದವನು ಅವನು. ಅಂಚಿನಲ್ಲಿ ಯಾರು ಕಾಯುತ್ತಿದ್ದಾರೆ ಅಂತ ಅವನಿಗಲ್ಲದೆ ಯಾರಿಗೆ ಕಾಣಬೇಕು? ಅಂತರ ಕರಗುತ್ತ ಬಂತು. ಸಾಹೇಬರೊಬ್ಬರ ಪಾಳಿಯನ್ನು ಮಾತ್ರ ಅವನು ಮುಟ್ಟಲಿಲ್ಲ. ಅದು ಅವರಿಗೇ ಹೋಗುತ್ತಿತ್ತು. ಇಬ್ಬರ ನಡುವೆ ಸಿಕ್ಕಿ ಹಾಳಾಗುತ್ತಿತ್ತು.

ಕೊನೆಗೆ ಒಂದೇ ಬುಟ್ಟಿಯ ಅಂತರ ಉಳಿಯಿತು. ಹಾಕಿದರೆ ಸರಿಸಮ. ಇನ್ನೊಂದು ಸಲ ಚೆಂಡು ತರುವಷ್ಟು ಸಮಯ ಇರಲಿಲ್ಲ.

ಪಾಳಿ ಸಾಹೇಬರದು. ಬುಟ್ಟಿಯ ಕೆಳಗೆ ನಿಂತಿದ್ದರು. ಬಲಗೈ ಎತ್ತಿದ್ದರು. ಮುಂದೆ ಒಬ್ಬ, ಹಿಂದೆ ಒಬ್ಬ. "ಈರಣ್ಣಾ, ಇಲ್ಲಿ" ಅಂದರು. ಆಫೀಸಿನಲ್ಲಿ ಫೈಲು ಕೇಳುವ ದನಿಯೇ.

ಈರಣ್ಣ ಬೇರೆ ಕಡೆ ನೋಡಬಹುದಿತ್ತು. ಕಾಣಲಿಲ್ಲ ಸರ್, ಕೇಳಿಸಲಿಲ್ಲ ಸರ್ ಅಂತ ಸೋಮವಾರ ಹೇಳಬಹುದಿತ್ತು. ಅವನು ಹಾಗೆ ಮಾಡಲಿಲ್ಲ. ಸಾಹೇಬರನ್ನು ನೆಟ್ಟಗೆ ನೋಡಿದ. ಅವರ ಮುಂದಿದ್ದವನನ್ನು ನೋಡಿದ, ಹಿಂದಿದ್ದವನನ್ನು ನೋಡಿದ. ನೋಡುತ್ತಲೇ ಚೆಂಡನ್ನು ಹುಸೇನನಿಗೆ ಕೊಟ್ಟ.

ಹುಸೇನ್ ಎಸೆದ. ಚೆಂಡು ಬುಟ್ಟಿಯ ಬಳೆಯ ಮೇಲೆ ಒಂದು ಸುತ್ತು ಸುತ್ತಿತು. ಹೊರಗೆ ಬಿತ್ತು.

ಸೋತೆವು.

ಗೆದ್ದಿದ್ದರೆ ಮಾತು ಬೇರೆ. ಗೆಲುವಿನಲ್ಲಿ ಎಲ್ಲ ತಪ್ಪೂ ಮಾಫಿ. ಸಾಹೇಬರಿಗೆ ಎಲ್ಲರೆದುರು ಚೆಂಡು ಕೊಡದೆ, ಮೇಲಿಂದ ಸೋತು ಬಂದ ಪ್ರೊಬೇಷನ್ ಕ್ಲರ್ಕಿಗೆ ಏನಾಗುತ್ತದೆ? ಆ ಪ್ರಶ್ನೆಯನ್ನು ನಡುವೆ ಕೂರಿಸಿಕೊಂಡು ಪ್ಯಾಸೆಂಜರ್ ರೈಲಿನಲ್ಲಿ ಹೊರಟೆವು. ಡಬ್ಬಿ ಖಾಲಿ ಇದ್ದರೂ ಈರಣ್ಣ ಬಾಗಿಲ ಹತ್ತಿರವೇ ನಿಂತ. ಸಾಹೇಬರು ಕಿಟಕಿಯ ಹೊರಗೆ ನೋಡುತ್ತಿದ್ದರು. ಹೊಲದಲ್ಲಿ ಕುಸುಬಿ, ಜೋಳ, ಮತ್ತೆ ಕುಸುಬಿ. ಅಷ್ಟು ಹೊತ್ತು ನೋಡುವಂಥದ್ದೇನೂ ಇರಲಿಲ್ಲ.

ಹುಸೇನ್ ಸುಮ್ಮನಿರುವ ಪೈಕಿ ಅಲ್ಲ. ಬಾಗಿಲ ಹತ್ತಿರ ಹೋಗಿ ಮೆಲ್ಲಗೆ ಕೇಳಿದ. "ಈರಣ್ಣಾ, ಊರಾಗ ನಿಮ್ಮ ಕುರಿ ಇನ್ನೂ ಅದಾವಿಲ್ಲೋ? ಮಾರಬ್ಯಾಡ ಅಂತ ಕಾಗದ ಹಾಕು."

ಈರಣ್ಣ ನಗಲಿಲ್ಲ. ಚೆಂಡು ಒಳಗ ಹೋಗಿದ್ದರ ಕಾಗದ ಹಾಕೂದು ಬೇಕಾಗಿದ್ದಿಲ್ಲ ಅಂದ.

ಗುಡಗೇರಿ ಬಂತು. ಸಾಹೇಬರು ಎಲ್ಲರಿಗಿಂತ ಮೊದಲೇ ಇಳಿದು ಹೊರಟರು. ಉಳಿದವರೂ ಚದುರಿದರು. ಈರಣ್ಣ ನನಗೆ ನಮಸ್ಕಾರ ಮಾಡಿದ. ಸೋಮವಾರ ಮತ್ತೆ ಸಿಗುವವನ ನಮಸ್ಕಾರದಂತಿರಲಿಲ್ಲ.

ಆಡಿ ಬಂದ ದಿನ ಚೆಂಡು ಒರೆಸಿ, ಗಾಳಿ ಸ್ವಲ್ಪ ಇಳಿಸಿ, ಮೈದಾನದ ಬಾಜೂಕಿನ ಖೋಲಿಯಲ್ಲಿ ಇಡದೆ ನಾನು ಮನೆಗೆ ಹೋದವನಲ್ಲ. ಸೋತರೂ ಚೆಂಡಿಗೆ ಧೂಳು ಹತ್ತುತ್ತದೆ ತಾನೆ? ಒರೆಸುತ್ತ ಕುಳಿತಿದ್ದೆ. ಇನ್ನೂ ಬೆಳಕಿತ್ತು. ಬಾಗಿಲಲ್ಲಿ ಯಾರೋ ಕೆಮ್ಮಿದರು.

ಸಾಹೇಬರು. ಮನೆವರೆಗೂ ಹೋಗಿ ತಿರುಗಿ ಬಂದಿದ್ದರು. ನಾನು ಎದ್ದು ನಿಂತೆ. ಕೂಡ್ರಿ ಅಂದರು. ತಾವು ಕೂಡಲಿಲ್ಲ. ಖಾಲಿ ಕೋರ್ಟಿನ ಕಡೆ ನೋಡುತ್ತ ನಿಂತರು. ಈರಣ್ಣನ ಬಗ್ಗೆ ದೂರು ಬಂತು ಅಂತ ನಾನು ಮನಸ್ಸಿನಲ್ಲೇ ವಕಾಲತ್ತು ಸಿದ್ಧ ಮಾಡಿಕೊಂಡೆ. ಹುಡುಗ ಸಣ್ಣವನು, ಹೇಳಿಕೊಟ್ಟವನು ನಾನು, ಹೀಗೆ.

"ಮಾಸ್ತರ," ಅಂದರು ಸಾಹೇಬರು. "ನಾ ಎಲ್ಲಿ ನಿಂತರ ಅವ ನನಗ ಕೊಡ್ತಾನ?"

ಸಿದ್ಧ ಮಾಡಿಕೊಂಡ ವಕಾಲತ್ತಿನಲ್ಲಿ ಈ ಪ್ರಶ್ನೆ ಇರಲಿಲ್ಲ. ತಡವರಿಸಿ, ಹುಡುಗ ಹೆದರಿದ್ದಾನೆ, ಅವನ ಪ್ರೊಬೇಷನ್ನಿನದು ಏನಾದರೂ ಅಂದೆ.

ಸಾಹೇಬರಿಗೆ ಸಿಟ್ಟೇ ಬಂತು. "ಅದನ್ನ ಹೋದ ವಾರನ ಬರದು ಕಳಿಸೇನ್ರಿ. ಚಲೋ ಕೆಲಸಾ ಮಾಡತಾನ, ಬರೀಲಾರದ ಏನ ಮಾಡಲಿ? ನಾ ಕೇಳಿದ್ದಕ್ಕ ಉತ್ತರಾ ಹೇಳ್ರಿ."

ಈರಣ್ಣನಿಗೆ ಆ ಸಂಗತಿ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಆ ಪಾಸು ಕೊಟ್ಟಿದ್ದ. ಇಷ್ಟು ವರ್ಷವಾದರೂ ನಾನು ಆ ಪಾಸನ್ನು ಮರೆಯದೇ ಇರುವುದು ಅದಕ್ಕೇ.

ನಾನು ಸಾಹೇಬರನ್ನು ಕೋರ್ಟಿಗೆ ಕರೆದುಕೊಂಡು ಹೋದೆ. ಬುಟ್ಟಿಯ ಕೆಳಗಿನಿಂದ ಸರಿಸಿ ಎಡಗಡೆಯ ಅಂಚಿನಲ್ಲಿ ನಿಲ್ಲಿಸಿದೆ. ಇಲ್ಲಿ ನಿಂದರ್ರಿ, ಕೈ ಎತ್ತಬ್ಯಾಡ್ರಿ, ಕರೀಬ್ಯಾಡ್ರಿ, ಖಾಲಿ ಇದ್ದರ ತಾನ ಬರತದ ಅಂದೆ. ಸಾಹೇಬರು ಪ್ಯಾಂಟಿನ ಜೇಬಿನಲ್ಲಿ ಕೈಯಿಟ್ಟು ಅಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದರು. ಅಲ್ಲಿಂದ ಬುಟ್ಟಿ ದೂರ ಕಾಣಿಸಿರಬೇಕು. ಸೋಮವಾರ ಐದೂವರೆಗೇ ಅಲ್ಲವೇ ಅಂತ ಕೇಳಿ, ಹೌದೆಂದಾಗ ಹೊರಟುಹೋದರು.

ನಾನು ಒಳಗೆ ಬಂದು ಕೊನೆಯ ಚೆಂಡನ್ನು ಒರೆಸಿ ಇಟ್ಟೆ. ಖೋಲಿಗೆ ಬೀಗ ಹಾಕಿ ಎಳೆದು ನೋಡಿದೆ. ನಮಗೆ ಒಬ್ಬ ಪಾಯಿಂಟ್ ಗಾರ್ಡ್ ಸಿಕ್ಕಿದ್ದ. ಐವತ್ತರ ಹತ್ತಿರದ ಒಬ್ಬ ಹೊಸ ವಿಂಗ್ ಕೂಡ.