ನನ್ನ ಪಾಸ್‌ಪೋರ್ಟಿನ ಸಾಕ್ಷಿ

ಮೀಸೆಗೆ ಹಚ್ಚುವ ಕಪ್ಪು ಬಣ್ಣ ಅಧ್ಯಕ್ಷರ ಮೇಲ್ದುಟಿಗೂ ಹತ್ತಿರುತ್ತಿತ್ತು. ಭಾನುವಾರ ಬೆಳಿಗ್ಗೆ ಬಣ್ಣ ಹಚ್ಚಿಕೊಂಡು, ಒಣಗುವವರೆಗೂ ಬಾಯಿ ಬಿಡಬಾರದೆಂದು ತುಟಿ ಬಿಗಿದು ತಮ್ಮ ಗೇಟಿನ ಬಳಿ ನಿಂತಿರುತ್ತಿದ್ದರು. ವಾರದಲ್ಲಿ ನಮ್ಮ ರಸ್ತೆಗೆ ನೆಮ್ಮದಿಯೆಂಬುದು ಸಿಗುತ್ತಿದ್ದದ್ದು ಆ ಅರ್ಧ ಗಂಟೆ ಮಾತ್ರ. ಬಣ್ಣ ಒಣಗಿತೋ ಇಲ್ಲವೋ, ಕೊರಳಲ್ಲಿ ನೇತಾಡುತ್ತಿದ್ದ ಸೀಟಿ ಬಾಯಿಗೆ ಬರುತ್ತಿತ್ತು. ಗಾಡಿ ಅಡ್ಡ ನಿಲ್ಲಿಸಿದವನೋ, ಕಸದ ಚೀಲ ಬೇಗ ಹೊರಗಿಟ್ಟವಳೋ, ಯಾರಾದರೊಬ್ಬರು ಸಿಕ್ಕಿಬೀಳುತ್ತಿದ್ದರು.

ಪೀಣ್ಯದ ಕಾರ್ಖಾನೆಗಳ ಬೆನ್ನಿಗಿರುವ ನಮ್ಮ ಬಡಾವಣೆಯ ಸಂಘಕ್ಕೆ ಅವರು ಅಧ್ಯಕ್ಷರು. ಯಾರೂ ಆರಿಸಿದ್ದಲ್ಲ, ಬೇಡವೆನ್ನುವ ಧೈರ್ಯ ಯಾರಿಗೂ ಇರಲಿಲ್ಲ, ಅಷ್ಟೆ. ಸರ್ಕಾರಿ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಕೂತು, ಯಾರು ಹೊತ್ತಿಗೆ ಸರಿಯಾಗಿ ಬಂದರು, ಯಾರು ತಡವಾಗಿ ಬಂದರು ಎಂದು ನೋಡುತ್ತ ನೋಡುತ್ತಲೇ ನಿವೃತ್ತರಾದ ಮನುಷ್ಯ. ಆಮೇಲೆ ಅದೇ ಕೆಲಸವನ್ನು ಸಂಬಳವಿಲ್ಲದೆ ನಮ್ಮ ಮೇಲೆ ಮುಂದುವರಿಸಿದರು. ನಾನು ಯಾರ ಬೈಕಿನಿಂದ ಇಳಿದೆ ಎಂಬುದು ನಾನು ಮನೆ ಮೆಟ್ಟಿಲು ಹತ್ತುವ ಮೊದಲೇ ಅಪ್ಪನ ಕಿವಿಗೆ ಬಿದ್ದಿರುತ್ತಿತ್ತು.

"ನನಗೇನ್ರೀ ಆಗ್ಬೇಕು? ರೋಡಿನ ಮರ್ಯಾದೆ ಅಂತ ಹೇಳ್ದೆ" ಎನ್ನುತ್ತಿದ್ದರು. ಮಳೆ ಬಂದರೆ ಚರಂಡಿಯೇ ಮೇಲೆದ್ದು ಹರಿಯುವ ರೋಡು ಅದು. ಅದಕ್ಕೊಂದು ಮರ್ಯಾದೆಯಿದೆಯೆಂದು ನಂಬಿದ್ದವರು ಇಡೀ ಬಡಾವಣೆಯಲ್ಲಿ ಅವರೊಬ್ಬರೇ.

ನಮ್ಮ ಗೇಟಿನ ಹೊರಗೆ ಅಮ್ಮ ಒಂದು ಪಾರಿಜಾತದ ಮರ ಬೆಳೆಸಿದ್ದಳು. ಬೆಳಗಾಗುವಷ್ಟರಲ್ಲಿ ಉದುರುವ ಹೂವಿಗೆಂದೇ ಅದರಡಿ ಹಳೇ ಸೀರೆ ಹಾಸಿಡುತ್ತಿದ್ದಳು. ಅಧ್ಯಕ್ಷರ ಪ್ರಕಾರ ಅದು ಹೂವಲ್ಲ, ಕಸ. ನಾವು ಮದುವೆಗೆಂದು ತುಮಕೂರಿಗೆ ಹೋಗಿ ಬರುವಷ್ಟರಲ್ಲಿ ಮರವೇ ಇರಲಿಲ್ಲ, ಬುಡ ಮಾತ್ರ ಇತ್ತು.

"ಕರೆಂಟಿನೋರು ಕಡಿದ್ರು. ವೈರಿಗೆ ತಾಗ್ತಿತ್ತಂತೆ" ಎಂದರು ಅಧ್ಯಕ್ಷರು. ವೈರು ಇದ್ದದ್ದು ರಸ್ತೆಯ ಆಚೆ ಬದಿಯಲ್ಲಿ.

ನನ್ನ ಮೈ ಉರಿದುಹೋಯಿತು. ಚಪ್ಪಲಿ ಕೈಗೆ ತೆಗೆದುಕೊಂಡು ಅವರ ಗೇಟಿನ ಮುಂದೆ ನಿಂತು ಬಾಯಿಗೆ ಬಂದಂತೆ ಬೈದೆ. ಅವರು ಸೀದಾ ಪೊಲೀಸ್ ಸ್ಟೇಷನ್ನಿಗೆ ಹೋಗಿ ನನ್ನ ಮೇಲೆ ದೂರು ಕೊಟ್ಟು ಬಂದರು. ಅಲ್ಲಿ ನನ್ನನ್ನು ಕರೆಸಿ, ಬೆಂಚಿನ ಮೇಲೆ ಕೂರಿಸಿ, ಹೆಣ್ಣುಮಕ್ಕಳು ಹೇಗಿರಬೇಕೆಂದು ಬುದ್ಧಿ ಹೇಳಿ ಕಳಿಸಿದರು. ಅಮ್ಮ ಮಾತ್ರ ಅಧ್ಯಕ್ಷರ ಮಾತು ನಂಬಿದಳು. ಸಾಯುವವರೆಗೂ ಕರೆಂಟಿನವರಿಗೇ ಶಾಪ ಹಾಕಿದಳು.

ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಮನೆಯನ್ನು ಬಾಡಿಗೆಗೆ ಕೊಟ್ಟೆ. ಯಂತ್ರದ ಬಿಡಿಭಾಗಗಳ ಅಳತೆ ಪರೀಕ್ಷಿಸುವುದು ನನ್ನ ಕೆಲಸ. ಪೀಣ್ಯದಲ್ಲಿ ಮಾಡುತ್ತಿದ್ದದ್ದನ್ನೇ ಜರ್ಮನಿಯಲ್ಲಿ ಮಾಡಲು ಹೋದೆ. ಅಲ್ಲಿರುವಾಗ ಪಾಸ್‌ಪೋರ್ಟಿನ ಅವಧಿ ಮುಗಿಯುತ್ತ ಬಂತು. ಹೊಸ ಪಾಸ್‌ಪೋರ್ಟ್ ಇಲ್ಲದೆ ಅಲ್ಲಿರುವ ಪರವಾನಗಿ ಮುಂದುವರಿಯದು, ಪರವಾನಗಿ ಇಲ್ಲದೆ ಕೆಲಸವಿಲ್ಲ. ನಮ್ಮ ಕಾನ್ಸುಲೇಟಿಗೆ ಹೋಗಿ ಅರ್ಜಿ ಕೊಟ್ಟೆ. ಊರಿನ ವಿಳಾಸದಲ್ಲಿ ಪೊಲೀಸರು ವಿಚಾರಿಸುತ್ತಾರೆ ಎಂದರು. ಕೆಲವು ವಾರ ಕಳೆದು ಮತ್ತೆ ಕರೆಸಿದರು.

"ಮೇಡಂ, ನೀವು ಈ ವಿಳಾಸದಲ್ಲಿ ವಾಸ ಇಲ್ಲ ಅಂತ ವರದಿ ಬಂದಿದೆ" ಎಂದರು ಗಾಜಿನ ಹಿಂದೆ ಕೂತಿದ್ದವರು.

ಅಲ್ಲಿ ವಾಸವಿಲ್ಲದ್ದಕ್ಕೇ ಅಲ್ಲವೇ ನಾನು ಇವರ ಗಾಜಿನ ಮುಂದೆ ನಿಂತಿರುವುದು! ವಿದೇಶದಲ್ಲಿರುವ ಹೆಂಗಸು ಊರಿನಲ್ಲಿಲ್ಲ ಎಂಬ ಮಹಾ ಸತ್ಯವನ್ನು ಯಾರೋ ಪತ್ತೆ ಹಚ್ಚಿದ್ದರು. ಇನ್ನೊಮ್ಮೆ ವಿಚಾರಣೆಗೆ ಕಳಿಸುತ್ತೇವೆ, ಇಬ್ಬರು ನೆರೆಯವರು ನಿಮ್ಮ ಬಗ್ಗೆ ಹೇಳಿ ಸಹಿ ಹಾಕಬೇಕು ಎಂದರು. ಇದೂ ತಪ್ಪಿದರೆ ನಾನು ಪೆಟ್ಟಿಗೆ ಕಟ್ಟಬೇಕಾಗಿತ್ತು.

ಎದುರು ಮನೆಯ ಆಂಟಿಗೆ ಫೋನ್ ಮಾಡಿದೆ. ಚಿಕ್ಕವಳಿದ್ದಾಗ ನನಗೆ ಜಡೆ ಹಾಕಿ ಹೂ ಮುಡಿಸಿದವರು.

"ಬಂದಿದ್ದ ಕಣೇ ಪೊಲೀಸು. ಬಾಡಿಗೆಯೋರು ಆ ಹೆಸರಿನೋರು ಯಾರೂ ಇಲ್ಲ ಅಂದ್ರು. ನಮ್ಮನ್ನೂ ಕೇಳ್ದ, ನಾವೂ ಇಲ್ಲ ಅಂದ್ವಿ. ನೀನಿಲ್ಲಿ ಇಲ್ವಲ್ಲ, ಸುಳ್ಳೇನಲ್ವಲ್ಲ?"

"ಇನ್ನೊಂದ್ಸಲ ಬರ್ತಾರೆ ಆಂಟಿ, ಒಂದು ಸೈನ್ ಹಾಕ್ಬಿಡಿ."

"ಅಯ್ಯೋ, ಪೊಲೀಸ್ ಅಂದ್ರೆ ನಿಮ್ಮಂಕಲ್‌ಗೆ ಬಿಪಿ ಏರುತ್ತೆ. ಅಧ್ಯಕ್ಷರ್ನ ಕೇಳಮ್ಮ."

ಅಧ್ಯಕ್ಷರು! ಸ್ಟೇಷನ್ನಿನಲ್ಲಿ ನನ್ನ ಮೇಲಿದ್ದ ಒಂದೇ ಒಂದು ದೂರು ಕೊಟ್ಟವರು. ಪೊಲೀಸನ ಮುಂದೆ ಅವರು ಅದೊಂದನ್ನು ನೆನಪಿಸಿದರೆ ಸಾಕು, ನನ್ನ ಕಥೆ ಮುಗಿಯಿತು. ಎರಡು ದಿನ ಹಲ್ಲು ಕಚ್ಚಿಕೊಂಡಿದ್ದೆ. ಆಮೇಲೆ ಬೇರೆ ದಾರಿ ಕಾಣದೆ ಫೋನ್ ಮಾಡಿದೆ. ಹೆಸರು ಹೇಳಿದರೆ ಗುರುತು ಸಿಗಲಿಲ್ಲ. ಆರನೇ ನಂಬರ್ ಮನೆ ಎಂದೆ.

"ಓ, ಚಪ್ಪಲಿ" ಎಂದರು.

ನಾಚಿಕೆ ಬಿಟ್ಟು ಎಲ್ಲವನ್ನೂ ಹೇಳಿದೆ.

"ಬಾಡಿಗೆಯೋರ್ನ ಕೇಳಿ ಬರ್ಕೊಂಡು ಹೋದ್ನಾ? ನಮ್ ರೋಡಲ್ಲಿ ಯಾರಿದ್ರು ಯಾರಿಲ್ಲ ಅಂತ ಹೇಳಕ್ಕೆ ಅವರ್ಯಾರು?"

"ಹೌದು ಅಂಕಲ್. ಸ್ವಲ್ಪ ನನ್ನ ಬಗ್ಗೆ..."

"ಏನ್ ಹೇಳ್ಬೇಕು ಅಂತ ನೀನ್ ನನಗೆ ಹೇಳ್ಕೊಡ್ಬೇಡ." ಫೋನ್ ಇಟ್ಟರು.

ಆ ಮನುಷ್ಯನನ್ನು ಅಂಕಲ್ ಎಂದೆನಲ್ಲ ಎಂದು ಸಿಟ್ಟಿನಿಂದ ಅತ್ತುಬಿಟ್ಟೆ.

ಪೊಲೀಸ್ ಮತ್ತೆ ಬಂದ ದಿನದ ಕಥೆ ಹೇಳಿದ್ದು ಅದೇ ಆಂಟಿ. ಬಾಗಿಲು ಹಾಕಿಕೊಂಡು, ಅಡುಗೆಮನೆಯ ಕಿಟಕಿಯಲ್ಲಿ ನಿಂತು ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದರು. ಸಹಿ ಹಾಕಲು ಇಲ್ಲದ ಧೈರ್ಯ ಕದ್ದು ಕೇಳುವುದಕ್ಕೆ ಧಾರಾಳವಾಗಿತ್ತು. ಅಧ್ಯಕ್ಷರು ಸೀಟಿ ಊದಿ ಪೊಲೀಸನ ಗಾಡಿಯನ್ನೇ ನಿಲ್ಲಿಸಿದರಂತೆ.

"ಇದೇ ಮನೇಲಿ ಹುಟ್ಟಿ ಬೆಳೆದೋಳು. ಇವರಪ್ಪ ನಮ್ ಫ್ಯಾಕ್ಟರೀಲೇ ಇದ್ದಿದ್ದು. ಬರ್ಕೊಳ್ಳಿ" ಎಂದರಂತೆ.

"ಗುಣ ಹೆಂಗೆ ಸಾರ್?"

"ಬಾಯಿ ಸರಿಯಿಲ್ಲ."

"ಕೇಸು ಗೀಸು?"

"ನಾನೇ ಕಂಪ್ಲೇಂಟ್ ಕೊಟ್ಟಿದ್ದೆ. ಚಪ್ಪಲಿ ತೋರಿಸಿದ್ಲು."

ಪೊಲೀಸ್ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದನಂತೆ. ಅಧ್ಯಕ್ಷರು ನಮ್ಮ ಗೇಟಿನ ಕಡೆ ಕೈ ತೋರಿಸಿದರಂತೆ.

"ಅವರಮ್ಮನ ಮರ ನಾನು ಕಡಿಸಿದ್ದೆ ಕಣ್ರೀ. ಕರೆಂಟಿನೋರ ಮೇಲೆ ಹಾಕ್ದೆ. ಬೇರೆ ಯಾರಾಗಿದ್ರೂ ಹೊಡೆದೇ ಬಿಡ್ತಿದ್ರು, ಇವಳು ಬರೀ ತೋರಿಸಿದ್ಲು. ಒಳ್ಳೆ ಹುಡುಗಿ ಅಂತ ಬರ್ಕೊಳ್ಳಿ. ಸೈನ್ ಎಲ್ಲಿ ಹಾಕ್ಬೇಕು?"

ಅಷ್ಟಕ್ಕೇ ಬಿಡಲಿಲ್ಲ. ಆಂಟಿಯ ಮನೆ ಬಾಗಿಲು ಬಡಿದು, ಬಿಪಿಯಿರುವ ಅಂಕಲ್ಲನ್ನು ಪಂಚೆಯಲ್ಲೇ ಹೊರಗೆ ಕರೆಸಿ ಎರಡನೇ ಸಹಿ ಹಾಕಿಸಿದರು.

ಪಾಸ್‌ಪೋರ್ಟ್ ಬಂತು, ಕೆಲಸ ಉಳಿಯಿತು. ಅಧ್ಯಕ್ಷರಿಗೆ ನಾನು ಫೋನ್ ಮಾಡಲಿಲ್ಲ. ದಾರಿಹೋಕ ಪೊಲೀಸನಿಗೆ ಹೇಳಿದ ಸತ್ಯವನ್ನು, ರಸ್ತೆ ದಾಟಿ ಬಂದು ಅಮ್ಮನಿಗೆ ಹೇಳಲು ಏನಾಗಿತ್ತು ಈ ಮನುಷ್ಯನಿಗೆ? ಅವಳು ಬದುಕಿದ್ದಾಗ ಬಾಯಿ ಬಿಡದವನಿಗೆ ನಾನೇಕೆ ಥ್ಯಾಂಕ್ಸ್ ಹೇಳಲಿ ಎಂದುಕೊಂಡೆ. ಊರಿಗೆ ಹೋದಾಗ ಎದುರಿಗೇ ನಿಂತು ಕೇಳಬೇಕೆಂದಿದ್ದೆ. ಹೋಗುವಷ್ಟರಲ್ಲಿ ಅವರು ತೀರಿಕೊಂಡು ತಿಂಗಳಾಗಿತ್ತು.

ನೋಡಿಕೊಂಡು ಬರದಿದ್ದರೆ ಚೆನ್ನಾಗಿರದು ಎಂದು ಅವರ ಮನೆಗೆ ಹೋದೆ. ಅವರ ಹೆಂಡತಿ ಕಾಫಿ ತಂದುಕೊಟ್ಟು ಎದುರು ಕೂತರು.

"ನಿನ್ನ ಪಾಸ್‌ಪೋರ್ಟ್ ಬಂತೇನಮ್ಮ? ಆಸ್ಪತ್ರೇಲಿ ಇದ್ದಾಗ್ಲೂ ಕೇಳ್ತಿದ್ರು. ಆಮೇಲೆ ಅವರೇ, ಬಂದಿರುತ್ತೆ, ಆ ಚಪ್ಪಲಿ ನನಗೆ ಫೋನ್ ಮಾಡಲ್ಲ, ಮಾಡೋದೂ ಬೇಡ ಬಿಡು ಅಂದ್ರು."

ಗೋಡೆಯ ಮೇಲಿನ ಫೋಟೊದಲ್ಲೂ ಮೀಸೆಯ ಬಣ್ಣ ಮೇಲ್ದುಟಿಗೆ ಹತ್ತಿತ್ತು. ಅಮ್ಮನಿಗೆ ಸುಳ್ಳು ಹೇಳಿದ ಆ ಬಾಯಿಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ನಾನು ಈ ಊರಿನವಳು ಎಂದು ಹೇಳಿದ್ದೂ ಅದೊಂದೇ ಬಾಯಿ.

"ಬಂತು ಅಂಕಲ್" ಎಂದೆ, ಫೋಟೊದ ಕಡೆ ತಿರುಗಿ.